ಹಿಡಿಗೆ ಹಳೆಮನೆಯ ಮರವೋ, ಬೆಟ್ಟದ ಕೊಂಬೆಯೋ

ಶಿರಸಿ ತಾಲೂಕಿನ ಹೆಗಡೆಕಟ್ಟಾ ಸೀಮೆಯಲ್ಲಿ ಕತ್ತಿಯಿಲ್ಲದ ಮನೆಯಿಲ್ಲ. ಸೊಪ್ಪು ಕಡಿಯಲು ಒಂದು, ಕಾಯಿ ಒಡೆಯಲು ಇನ್ನೊಂದು, ಅಡಿಕೆ ಸುಲಿಯಲು ಮೆಟ್ಟುಗತ್ತಿ, ಅಡುಗೆಮನೆಯ ಚೂರಿ ಬೇರೆ. ಅಲಗು ಆಚಾರಿಯ ಕುಲುಮೆಯಲ್ಲಿ ಆಗಬೇಕು. ಹಿಡಿಯನ್ನು ಮಾತ್ರ ಮನೆಯವರೇ ಹಾಕಿಕೊಳ್ಳಬಹುದು. ಮೊದಲ ಸಲ ಹಾಕಹೊರಟವರಿಗೆ ಎದುರಾಗುವ ಪ್ರಶ್ನೆ ಯಾವ ಮರ ಎಂಬುದು. ಇದಕ್ಕೆ ಇಲ್ಲಿ ಎರಡು ಉತ್ತರ ಸಿಗುತ್ತವೆ. ಅಟ್ಟ ಹತ್ತಿ ಹಳೆಮನೆ ಬಿಚ್ಚಿದಾಗ ಉಳಿದ ತುಂಡು ಹುಡುಕು ಎನ್ನುವವರು ಒಂದು ಕಡೆ. ಬೆಟ್ಟಕ್ಕೆ ಹೋಗಿ ಒಳ್ಳೆಯ ಕೊಂಬೆ ತಂದು ಕೆತ್ತು ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಅನುಭವವಿದೆ, ಎರಡನ್ನೂ ಪೂರ್ತಿ ಕೇಳಿಸಿಕೊಳ್ಳಬೇಕು.

ಹಳೆ ಮರದ ಪರವಾದ ಮೊದಲ ಮಾತು ಒಣಗಿರುವುದು. ಆಗಷ್ಟೇ ಕಡಿದ ಮರದಲ್ಲಿ, ಅದೇ ಮರ ಒಣಗಿದಾಗ ತೂಗುವಷ್ಟರ ಅರ್ಧಕ್ಕೂ ಮಿಕ್ಕಿ ನೀರಿರುತ್ತದೆ. ಒಣಗಿದ ಮೇಲೂ ಮರ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವ ಕುಡಿದು ನೂರಕ್ಕೆ 18–20ರಷ್ಟು ನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ 10ರ ಆಸುಪಾಸಿಗೆ ಇಳಿಯುತ್ತದೆ. ಉದ್ದಕ್ಕೆ ಮರ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ, ಅದರಲ್ಲೂ ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವುದು ತಿರುಳಿನ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಹಸಿ ಹಿಡಿಯೊಳಗೆ ಕೂತ ಅಲಗಿನ ಕಬ್ಬಿಣದ ಬಾಲ ಕುಗ್ಗುವುದಿಲ್ಲ, ಸುತ್ತಲಿನ ಮರ ಕುಗ್ಗುತ್ತದೆ. ಹಾಗಾಗಿ ಮರ ಬಾಲದ ಗುಂಟವೇ ಬಿರಿಯುತ್ತದೆ, ಹಿಡಿಯ ಬಾಯಿಗೆ ತೊಡಿಸಿದ ಅಣಸು ಎಂಬ ಲೋಹದ ಬಳೆ ಸಡಿಲವಾಗಿ ಕಳಚುತ್ತದೆ. ಮಳೆಗಾಲದಲ್ಲಿ ಗಟ್ಟಿಯಾಗಿ ಕೂತ ಹಿಡಿ ಶಿವರಾತ್ರಿ ಹೊತ್ತಿಗೆ ಅಲ್ಲಾಡುವುದು ಇದೇ ಕಾರಣಕ್ಕೆ.

ಹಲಸು, ಸಾಗುವಾನಿಯ ಹಳೆಯ ಬಾಗಿಲುಪಟ್ಟಿ ಇಂಥ ಏರಿಳಿತವನ್ನು ಹತ್ತಾರು ವರ್ಷ ಕಂಡಿರುತ್ತದೆ. ಬಚ್ಚಲೊಲೆ ಮೇಲಿನ ಅಟ್ಟದ ತುಂಡಾದರೆ ಹೊಗೆ ಕುಡಿದು ಕುಟ್ಟೆಹುಳಕ್ಕೂ ಬೇಡವಾಗಿರುತ್ತದೆ. ಕೊಯ್ದರೆ ಹಲಸಿನ ಒಳಗಿನ ಹಳದಿ ಕಾಣುತ್ತದೆ, ಎಣ್ಣೆ ಬಿದ್ದರೆ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಕಾನಸು ಅದರ ಮೇಲೆ ಸಲೀಸಾಗಿ ಓಡುತ್ತದೆ. ಹೊಸಬರ ಕೈಗೆ ಇದಕ್ಕಿಂತ ಒಗ್ಗುವ ಮರವನ್ನು ನಾನು ಕಾಣೆ.

ಆದರೆ ಹಳೆ ಮರದಲ್ಲಿ ಮೋಸವೂ ಇದೆ. ಒಳಗೆ ಮುರಿದ ಮೊಳೆ ಅಡಗಿದ್ದರೆ ಗರಗಸದ ಹಲ್ಲು ಹೋಯಿತು. ಹೊರಗೆ ಗಟ್ಟಿ ಕಂಡ ತುಂಡನ್ನು ಕಲ್ಲಿಗೆ ಬಡಿದಾಗ ಹಿಟ್ಟು ಉದುರಿದರೆ ಹುಳ ಒಳಗೆಲ್ಲ ತಿಂದಿದೆ ಎಂದರ್ಥ. ತೊಲೆ, ಕಂಬದ ತುಂಡಾದರೆ ಅದು ಮತ್ತಿಯೋ ಜಂಬೆಯೋ ಆಗಿರುವುದೇ ಹೆಚ್ಚು. ಒಣಗಿದ ಜಂಬೆಯ ಚೇಗಿನ ಮೇಲೆ ಹೊಸಬರ ಉಳಿ ಜಾರಿ ಕೈಗೇ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ತಕರಾರು ಇನ್ನೊಂದು. ಹಲಗೆಯನ್ನು ಮನೆಯ ಅಳತೆಗೆ ಕೊಯ್ದಿರುತ್ತಾರೆ, ಎಳೆ ಹೋದ ದಾರಿಯಲ್ಲಲ್ಲ. ಎಳೆ ಓರೆಯಾಗಿ ಹಿಡಿಯ ಪಕ್ಕಕ್ಕೆ ಹೊರಬಿದ್ದರೆ ಪೆಟ್ಟು ಬಿದ್ದ ದಿನ ಅಲ್ಲೇ ಸೀಳುತ್ತದೆ.

ಕೊಂಬೆಯ ಪಕ್ಷದವರ ಬಲ ಇರುವುದು ಇಲ್ಲೇ. ಕೊಂಬೆಯನ್ನು ಸೀಳಿದರೆ ಅದು ಎಳೆಯ ಗುಂಟವೇ ಸೀಳಿಕೊಳ್ಳುತ್ತದೆ. ಆ ಸೀಳಿನಿಂದ ಕೆತ್ತಿದ ಹಿಡಿಯಲ್ಲಿ ಎಳೆ ತುದಿಯಿಂದ ತುದಿಗೆ ಕಡಿಯದೆ ಓಡುತ್ತದೆ. ಕೊಡಲಿ ಕಾವಿಗೆ ಹೆಸರಾದ ದಡಸಲು ಪೆಟ್ಟು ತಿಂದರೆ ಬಾಗಿ ಮತ್ತೆ ನೆಟ್ಟಗಾಗುವ ಮರ, ಸೊಪ್ಪು ಕಡಿಯುವ ಕತ್ತಿಗೂ ಆ ಗುಣವೇ ಬೇಕು. ಸಹಜವಾಗಿ ಬಾಗಿದ ಕೊಂಬೆ ಸಿಕ್ಕರೆ ಕಿರುಬೆರಳು ಆತುಕೊಳ್ಳುವ ಡೊಂಕೂ ತಾನೇ ಬರುತ್ತದೆ. ಹಸಿಯಿದ್ದಾಗ ಕೆತ್ತುವುದಂತೂ ಬಲು ಸುಲಭ.

ಈ ದಾರಿಯಲ್ಲಿ ಕಾಯುವ ತಾಳ್ಮೆ ಬೇಕು. ಕೈತೋಳು ದಪ್ಪದ ಕೊಂಬೆಯನ್ನು ನಾಲ್ಕು ಸೀಳು ಮಾಡಿ ನಡುವಿನ ತಿರುಳನ್ನು ತೆಗೆದುಹಾಕಬೇಕು. ತಿರುಳು ಒಳಗುಳಿದ ಹಿಡಿ ಬಿರಿಯದೆ ಇರುವುದು ಅಪರೂಪ. ಬೇಕಾದ್ದಕ್ಕಿಂತ ದಪ್ಪಗೆ ಒರಟಾಗಿ ಕೆತ್ತಿ, ನೀರು ಬೇಗ ಹೊರಡುವ ಎರಡು ತುದಿಗೆ ಜೇನುಮೇಣ ಬಳಿದು, ಬಿಸಿಲಿಗಿಡದೆ ಗಾಳಿಯಾಡುವ ನೆರಳಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಬಿಡಬೇಕು. ಆಮೇಲೆ ನಿಜವಾದ ಅಳತೆಗೆ ಇಳಿಸುವುದು. ಗೇರಿನ ಜಾತಿಯ, ಸುಡುವ ಸೊನೆಯ ಮರಗಳನ್ನು ಗುರುತಿಸಲು ಬಾರದವರು ಬಲ್ಲವರನ್ನು ಜೊತೆಗೆ ಕರೆದೊಯ್ಯಬೇಕು.

ಇನ್ನು ಬೆಟ್ಟದ ಮಾತು. ಮೇಲುಘಟ್ಟದ ಅಡಿಕೆ ತೋಟಕ್ಕೆ ಎಕರೆಗೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಸೊಪ್ಪು, ದರಕು, ಒಣ ಸೌದೆಯಂಥ ತೋಟ–ಮನೆಯ ಬಳಕೆಗೆ. ನಾಟಾ ಮರದ ಮೇಲೆ ಆ ಹಕ್ಕು ಇಲ್ಲ. ಹೊಳಪಿನ ಆಸೆಗೆ ಬೀಟೆಯ ಮೇಲೆ ಕಣ್ಣು ಹಾಕುವವರು ಅದಕ್ಕೆ ಕಾನೂನಿನ ಕಾವಲಿರುವುದನ್ನು ಮರೆಯಬಾರದು. ಬೀಟೆಯ ಜಾತಿಯ ಬಹುತೇಕ ಮರಗಳು 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೂ ಸೇರಿವೆ. 1983ರ ಸೆಪ್ಟೆಂಬರಿನಲ್ಲಿ ಇದೇ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು, ಕಡಿತಕ್ಕೆ ಬಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದ ನೆಲದಲ್ಲಿ ಒಂದು ಗೇಣು ಹಿಡಿಗಾಗಿ ನಿಂತ ಮರಕ್ಕೆ ಕತ್ತಿ ಹಾಕುವುದು ನನಗೆ ಸಲ್ಲದು. ಹಾಗೆಂದು ಕೊಂಬೆಯ ಪಕ್ಷವೇ ತಪ್ಪೆನ್ನಲಾಗದು. ಸ್ವಂತ ಹಿತ್ತಲಲ್ಲಿ ಸವರಿದ ಹಲಸಿನ ಗೆಲ್ಲು, ಗಾಳಿಗೆ ಮುರಿದ ಮಾವಿನ ಕೊಂಬೆ ಎಲ್ಲರಿಗೂ ಸಿಗುತ್ತದೆ. ಮಾವು ಮಾತ್ರ ಬೇಗ ಹುಳ ಹಿಡಿಯುವ ಮರ, ಹೊಗೆಯಟ್ಟದಲ್ಲೇ ಒಣಗಿಸಬೇಕು.

ಯಾವ ಮರವಾದರೂ ಕೂರಿಸುವ ಕೆಲಸ ಒಂದೇ. ಮೊದಲು ಹಿಡಿಯ ಬಾಯಿಗೆ ಅಣಸು ಬಿಗಿಯಬೇಕು. ಬಾಲಕ್ಕಿಂತ ಸಣ್ಣ ತೂತು ಕೊರೆದು, ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಾಲದ ತುದಿಯನ್ನು ಮಾತ್ರ ಕೆಂಪಗೆ ಕಾಯಿಸಿ ಒತ್ತಬೇಕು. ಬಟ್ಟೆ ಒಣಗಿ ಬಿಸಿ ಅಲಗಿಗೆ ಏರಿದರೆ ಆಚಾರಿ ಕೊಟ್ಟ ಹದ ಇಳಿದು ಅಲಗಿನ ಬಾಯಿ ಮೆತ್ತಗಾಗುತ್ತದೆ. ಹೊಗೆಯೆದ್ದು ಬಾಲ ತನ್ನ ಜಾಗ ಸುಟ್ಟುಕೊಂಡ ಕೂಡಲೇ ಹೊರಗೆಳೆದು ತಣಿಸಬೇಕು. ಆಮೇಲೆ ಅರಗು ತುಂಬಿ ಮತ್ತೆ ಸೇರಿಸಿ, ಅಲಗು ಕೆಳಮುಖವಾಗಿ ತೂಗುವಂತೆ ಹಿಡಿದು ಹಿಡಿಯ ಬುಡಕ್ಕೆ ಮರದ ಕೊಡತಿಯಿಂದ ಬಡಿದರೆ ಭಾರದ ಅಲಗು ಇದ್ದಲ್ಲೇ ನಿಂತು ಹಿಡಿ ಬಾಲದ ಮೇಲೆ ಇಳಿಯುತ್ತದೆ. ಉಪ್ಪುಕಾಗದ 80ರಿಂದ 220ಕ್ಕೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಎದ್ದ ಎಳೆಯನ್ನು ಇನ್ನೊಮ್ಮೆ ಉಜ್ಜಿದರೆ ಮುಂದೆ ನೀರು ತಾಗಿದರೂ ಹಿಡಿ ಒರಟಾಗುವುದು ಕಡಿಮೆ. ಎಣ್ಣೆಗೆ ಅಗಸೆಯದೇ ಆಗಬೇಕು, ಕೊಬ್ಬರಿ ಎಣ್ಣೆ ಮರದ ಮೇಲೆ ಗಟ್ಟಿಯಾಗುವುದಿಲ್ಲ. ಹೊಳಪು ಅತಿಯಾದರೆ ಬೆವರಿದ ಕೈಯಲ್ಲಿ ಹಿಡಿ ಜಾರುತ್ತದೆ. ಮರದ ತಲೆಯಲ್ಲಿ ಕುಳಿತು ಕೊನೆ ಕೊಯ್ಯುವ ಕೊನೆಗೌಡನಿಗೆ ಜಾರುವ ಹಿಡಿ, ಅಲ್ಲಾಡುವ ಹಿಡಿ ಎರಡೂ ಜೀವದ ಮಾತು.

ಆದ್ದರಿಂದ ನನ್ನ ತೂಕ ಕೆಲಸವನ್ನು ನೋಡಿ ಬದಲಾಗುತ್ತದೆ. ಮೊದಲ ಹಿಡಿ ಅಡುಗೆಮನೆಯ ಚೂರಿಗಾದರೆ ಹಳೆಮನೆಯ ಹಲಸು. ಅಲ್ಲಿ ಪೆಟ್ಟಿನ ಕೆಲಸವಿಲ್ಲ, ನೀರಿಗೆ ಮಣಿಯದಿದ್ದರೆ ಸಾಕು. ಬೆಟ್ಟ, ತೋಟದಲ್ಲಿ ಬೀಸುವ ಕತ್ತಿಗೆ ಸೀಳಿ ಒಣಗಿಸಿದ ಕೊಂಬೆಯೇ ವಾಸಿ, ಆದರೆ ಅದು ಎರಡನೆಯದೋ ಮೂರನೆಯದೋ ಹಿಡಿಯಾಗಲಿ. ಎರಡನ್ನೂ ಕೂರಿಸುವ ಕಾಲ ಮಾತ್ರ ಒಂದೇ. ಮರ ಪೂರ್ತಿ ಒಣಗಿ ಸಣ್ಣದಾಗಿರುವ ಫೆಬ್ರವರಿ–ಮಾರ್ಚಿನಲ್ಲಿ ಅಣಸು ಬಿಗಿದರೆ ಜೂನಿನ ಮಳೆ ಮರವನ್ನು ಉಬ್ಬಿಸಿ ಇನ್ನಷ್ಟು ಬಿಗಿ ಮಾಡುತ್ತದೆ.