ನಿದ್ದೆಮಾತ್ರೆ ಬಿಡುವ ಮನಸ್ಸು ಮತ್ತು ಅದರ ಅಳತೆ

ವರ್ಷಗಟ್ಟಲೆ ನಿದ್ದೆಮಾತ್ರೆ ಸೇವಿಸುತ್ತ ಬಂದ ವೃದ್ಧರನ್ನು ‘ಇದನ್ನು ನಿಲ್ಲಿಸಲು ನಿಮಗೆ ಒಪ್ಪಿಗೆಯೇ’ ಎಂದು ಕೇಳಿದಾಗ ದೊರೆಯುವ ಉತ್ತರ ನಿಜವಾಗಿ ಯಾವುದರ ಅಳತೆ ಎಂಬುದು ಮೇಲ್ನೋಟಕ್ಕೆ ತೋರುವುದಕ್ಕಿಂತ ಕಠಿಣವಾದ ಪ್ರಶ್ನೆ. 1960ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಡಯಾಜೆಪಾಮ್ ಮೊದಲಾದ ಬೆಂಜೊಡಯಾಜೆಪೀನ್ ವರ್ಗದ ಔಷಧಗಳೂ ಅವುಗಳ ಅನಂತರ ಬಂದ ಜೋಲ್ಪಿಡೆಮ್‌ನಂಥವೂ ಮಿದುಳಿನಲ್ಲಿ ಗಾಬಾ ಎಂಬ ಶಾಮಕ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸಿ ಆತಂಕವನ್ನು ತಗ್ಗಿಸುತ್ತವೆ, ನಿದ್ದೆ ಬರಿಸುತ್ತವೆ. ಆದರೆ ಇಳಿವಯಸ್ಸಿನ ಮಿದುಳು ಇವುಗಳಿಗೆ ಹೆಚ್ಚು ಸೂಕ್ಷ್ಮವಾಗಿರುವುದರಿಂದಲೂ, ಇವುಗಳಲ್ಲಿ ಹಲವನ್ನು ದೇಹ ಹೊರಹಾಕುವ ವೇಗ ತಗ್ಗಿರುವುದರಿಂದಲೂ ಬೀಳುವ, ಮೂಳೆ ಮುರಿದುಕೊಳ್ಳುವ, ಗೊಂದಲಕ್ಕೊಳಗಾಗುವ ಅಪಾಯ ಹೆಚ್ಚುತ್ತದೆ. ಆದುದರಿಂದಲೇ 1991ರಲ್ಲಿ ಮೊದಲು ಪ್ರಕಟವಾಗಿ ಈಗ ಅಮೆರಿಕದ ವೃದ್ಧವೈದ್ಯರ ಸಂಘ ಪರಿಷ್ಕರಿಸುತ್ತಿರುವ ಬಿಯರ್ಸ್ ಪಟ್ಟಿಯು, 65 ದಾಟಿದವರಲ್ಲಿ ಇವುಗಳ ಬಳಕೆಯನ್ನು ಸಾಧ್ಯವಾದಷ್ಟೂ ತಪ್ಪಿಸಬೇಕೆಂದು ಹೇಳುತ್ತದೆ.

ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚಾಗಿರುವ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಕ್ರಮೇಣ ಕಡಿಮೆ ಮಾಡಿ ನಿಲ್ಲಿಸುವ ವಿಧಾನವನ್ನು ಔಷಧ ಹಿಂತೆಗೆತ ಎನ್ನಬಹುದು. ಇದರ ಬಗ್ಗೆ ರೋಗಿಗಳ ಮನೋಭಾವವನ್ನು ತಿಳಿಯಲು ಆಸ್ಟ್ರೇಲಿಯಾದ ಎಮಿಲಿ ರೀವ್ ಮತ್ತು ಸಹೋದ್ಯೋಗಿಗಳು ರೂಪಿಸಿ 2016ರಲ್ಲಿ ಪರಿಷ್ಕರಿಸಿದ ಪ್ರಶ್ನಾವಳಿ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ‘ಖಂಡಿತ ಒಪ್ಪುತ್ತೇನೆ’ ಎಂಬುದರಿಂದ ‘ಖಂಡಿತ ಒಪ್ಪುವುದಿಲ್ಲ’ ಎಂಬುದರವರೆಗಿನ ಐದು ಮೆಟ್ಟಿಲುಗಳಲ್ಲಿ ಉತ್ತರ ಕೇಳುವ ಈ ಮಾಪನವು ಔಷಧಗಳ ಹೊರೆ, ಅವು ತಕ್ಕವೇ ಎಂಬ ನಂಬಿಕೆ, ನಿಲ್ಲಿಸುವ ಬಗೆಗಿನ ಆತಂಕ, ಚಿಕಿತ್ಸೆಯ ನಿರ್ಧಾರದಲ್ಲಿ ರೋಗಿಯ ಪಾಲು ಎಂಬ ನಾಲ್ಕು ಅಂಶಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಇವಲ್ಲದೆ, ವೈದ್ಯರು ಸಾಧ್ಯವೆಂದರೆ ಒಂದಾದರೂ ಔಷಧವನ್ನು ನಿಲ್ಲಿಸಲು ಸಿದ್ಧರೇ ಎಂಬ ಒಟ್ಟಾರೆ ಪ್ರಶ್ನೆಯೂ ಅದರಲ್ಲಿದೆ.

ಅಮೆರಿಕದ ಹಿರಿಯರನ್ನು ಕುರಿತು 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಈ ಒಟ್ಟಾರೆ ಪ್ರಶ್ನೆಗೆ ಶೇ. 92ರಷ್ಟು ಮಂದಿ ಸಮ್ಮತಿಸಿದರು. ಈ ಸಂಖ್ಯೆ ಹರ್ಷ ತರುವಂಥದ್ದಾದರೂ ಅದನ್ನು ನಿದ್ದೆಮಾತ್ರೆಗೆ ನೇರವಾಗಿ ಅನ್ವಯಿಸುವುದು ತಪ್ಪಾಗುತ್ತದೆ. ಏಕೆಂದರೆ ಪ್ರಶ್ನೆಯು ಔಷಧವನ್ನು ಹೆಸರಿಸುವುದಿಲ್ಲ. ಐದಾರು ಮಾತ್ರೆ ನುಂಗುವವರು ‘ಒಂದನ್ನು ಬಿಡಲು ಸಿದ್ಧ’ ಎನ್ನುವಾಗ ಅವರ ಮನಸ್ಸಿನಲ್ಲಿ ಇರುವುದು ಜೀವಸತ್ವದ ಗುಳಿಗೆಯೂ ಇರಬಹುದು, ಹೊಟ್ಟೆಯುರಿಯ ಮಾತ್ರೆಯೂ ಇರಬಹುದು. ಮೇಲಾಗಿ ಸಮ್ಮತಿಯು ವೈದ್ಯರ ಮಾತಿನ ಷರತ್ತಿಗೆ ಒಳಪಟ್ಟಿರುವುದರಿಂದ, ಅಲ್ಲಿ ಅಳೆಯಲ್ಪಡುವುದು ಔಷಧದ ಬಗೆಗಿನ ಮನೋಭಾವ ಎಷ್ಟೋ, ವೈದ್ಯರ ಮೇಲಿನ ವಿಶ್ವಾಸವೂ ಅಷ್ಟೇ.

ನಿದ್ದೆಮಾತ್ರೆಯ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ರಕ್ತದೊತ್ತಡದ ಮಾತ್ರೆ ತಪ್ಪಿದರೆ ಆ ರಾತ್ರಿ ಏನೂ ತಿಳಿಯದೆ ಹೋಗಬಹುದು, ಆದರೆ ದೀರ್ಘಕಾಲ ಸೇವಿಸಿದ ಬೆಂಜೊಡಯಾಜೆಪೀನನ್ನು ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ತೀವ್ರವಾದ ನಿದ್ರಾಹೀನತೆ, ತಳಮಳ, ನಡುಕ, ಕೆಲವೊಮ್ಮೆ ಸೆಳವು ಕೂಡ ಬರಬಹುದು. ಒಂದೆರಡು ರಾತ್ರಿ ಬಿಟ್ಟು ನೋಡಿ ಸೋತವರಿಗೆ ಅದು ದೇಹವು ಔಷಧಕ್ಕೆ ಒಗ್ಗಿಹೋದುದರ ಫಲವೆಂದು ತೋರುವುದಿಲ್ಲ, ಮಾತ್ರೆ ಅನಿವಾರ್ಯ ಎಂಬುದಕ್ಕೆ ಸಾಕ್ಷಿಯೆಂದೇ ತೋರುತ್ತದೆ. ಆದ್ದರಿಂದ ಆತಂಕದ ವಿಭಾಗದಲ್ಲಿ ಬರುವ ಹೆಚ್ಚಿನ ಅಂಕವನ್ನು ಅಜ್ಞಾನವೆಂದೋ ಹಟವೆಂದೋ ಓದುವುದು ಅನ್ಯಾಯ. ಅದು ಬಹುಮಟ್ಟಿಗೆ ಅನುಭವದಿಂದ ಬಂದ ಭಯ, ಮತ್ತು ಆ ಅನುಭವಕ್ಕೆ ತಕ್ಕ ವಿವರಣೆಯನ್ನು ಯಾರೂ ಕೊಟ್ಟಿಲ್ಲ ಎಂಬುದರ ಸೂಚನೆ.

ಮನೋಭಾವವು ಸ್ಥಿರವಾದ ಗುಣವಲ್ಲ, ಮುಂದಿಟ್ಟ ನೆರವಿಗೆ ತಕ್ಕಂತೆ ಬದಲಾಗುವಂಥದ್ದು ಎಂಬುದಕ್ಕೆ ಕೆನಡಾದ ಕ್ವಿಬೆಕ್‌ನಲ್ಲಿ ಕಾರಾ ಟ್ಯಾನೆನ್‌ಬಾಮ್ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗ ಬಲವಾದ ಆಧಾರ. ದೀರ್ಘಕಾಲದಿಂದ ಬೆಂಜೊಡಯಾಜೆಪೀನ್ ಸೇವಿಸುತ್ತಿದ್ದ 303 ಹಿರಿಯರಲ್ಲಿ ಒಂದು ಗುಂಪಿಗೆ ಅಪಾಯಗಳನ್ನೂ ಪ್ರಮಾಣವನ್ನು ಹಂತಹಂತವಾಗಿ ಇಳಿಸುವ ಕ್ರಮವನ್ನೂ ತಿಳಿಸುವ ಕಿರುಪುಸ್ತಿಕೆಯನ್ನು ಕೊಡಲಾಯಿತು. ಆರು ತಿಂಗಳಲ್ಲಿ ಆ ಗುಂಪಿನ ಶೇ. 27ರಷ್ಟು ಮಂದಿ ಔಷಧವನ್ನು ಪೂರ್ತಿಯಾಗಿ ಬಿಟ್ಟರೆ, ಇನ್ನೊಂದು ಗುಂಪಿನಲ್ಲಿ ಬಿಟ್ಟವರು ಶೇ. 5 ಮಾತ್ರ. ಮಾಹಿತಿ ಬರುವ ಮುನ್ನ ‘ಬಿಡಲಾರೆ’ ಎಂದದ್ದನ್ನು ಕೊನೆಯ ಮಾತೆಂದು ಬಗೆದಿದ್ದರೆ ಇಂಥ ಬದಲಾವಣೆಗೆ ಎಡೆಯೇ ಇರುತ್ತಿರಲಿಲ್ಲ. ಅದೇ ವೇಳೆ, ಪುಸ್ತಿಕೆ ಪಡೆದವರಲ್ಲೂ ಬಹುಪಾಲು ಮಂದಿ ಪೂರ್ತಿಯಾಗಿ ಬಿಡಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಹಾಗಿದ್ದರೆ ಮನೋಭಾವವನ್ನು ಅಳೆಯುವುದೇ ವ್ಯರ್ಥ, ನಡವಳಿಕೆಯನ್ನಷ್ಟೇ ನೋಡಿದರೆ ಸಾಕು ಎಂದು ಕೆಲವರು ವಾದಿಸಬಹುದು. ಆದರೆ ಯಾರು ಬಿಟ್ಟರು ಎಂದು ತಿಳಿಸುವ ನಡವಳಿಕೆ, ಬಿಡದವರನ್ನು ತಡೆದದ್ದೇನು ಎಂಬುದನ್ನು ತಿಳಿಸಲಾರದು. ಹೊರೆಯೇ ಅನಿಸದವರಿಗೆ ಅಪಾಯದ ಅರಿವು ಬೇಕು, ಭಯಪಡುವವರಿಗೆ ನಿಧಾನದ ಇಳಿಕೆಯೂ ನಿದ್ದೆಗೆ ಔಷಧೇತರ ಚಿಕಿತ್ಸೆಯೂ ಬೇಕು, ನಿರ್ಧಾರದಲ್ಲಿ ಪಾಲು ಸಿಗದವರಿಗೆ ಮಾತನಾಡಲು ಅವಕಾಶ ಬೇಕು. ಒಟ್ಟು ಅಂಕವೊಂದು ಈ ಭೇದಗಳನ್ನು ಅಳಿಸಿಹಾಕುತ್ತದೆ.

ಭಾರತದಲ್ಲಿ 2014ರ ಮಾರ್ಚ್‌ನಿಂದ ಜಾರಿಗೆ ಬಂದ ಎಚ್1 ಅನುಸೂಚಿಯು ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್‌ಗಳನ್ನು ಒಳಗೊಂಡಿದ್ದು, ಚೀಟಿಯಿಲ್ಲದೆ ಮಾರಬಾರದೆಂದೂ ಮಾರಾಟದ ದಾಖಲೆಯನ್ನು ಮೂರು ವರ್ಷ ಇಡಬೇಕೆಂದೂ ವಿಧಿಸುತ್ತದೆ. ಮಾರಾಟವನ್ನು ನಿಯಂತ್ರಿಸುವ ಇಂಥ ವಿಧಿಯು, ವರ್ಷಗಳಿಂದ ಅದೇ ಚೀಟಿಯನ್ನು ನೆಚ್ಚಿಕೊಂಡ ಹಿರಿಯರ ಮನಸ್ಸನ್ನು ಕೇಳುವ ಕೆಲಸವನ್ನು ಮಾಡಲಾರದು. ಆ ಕೆಲಸಕ್ಕೆ ಬರುವ ಮಾಪನವು ಔಷಧವನ್ನು ಹೆಸರಿಸಬೇಕು, ನಿಲ್ಲಿಸುವ ಕ್ರಮವನ್ನೂ ದೊರೆಯುವ ನೆರವನ್ನೂ ಸ್ಪಷ್ಟಪಡಿಸಿಯೇ ಒಪ್ಪಿಗೆ ಕೇಳಬೇಕು, ಮಕ್ಕಳ ಉತ್ತರವನ್ನು ಹಿರಿಯರ ಉತ್ತರವೆಂದು ಎಣಿಸಬಾರದು, ಮಾಹಿತಿ ನೀಡಿದ ಮೇಲೆ ಮತ್ತೊಮ್ಮೆ ಕೇಳಬೇಕು. ಹಾಗೆ ಅಳೆದಾಗ ದೊರೆಯುವ ‘ಒಲ್ಲೆ’ ಎಂಬ ಉತ್ತರವು ವೃದ್ಧರ ಮೇಲೆ ಹೊರಿಸುವ ದೋಷವಾಗದೆ, ಅವರಿಗೆ ಇನ್ನೂ ತಲುಪದ ನೆರವಿನ ಲೆಕ್ಕವಾಗುತ್ತದೆ. ನೆರವೆಲ್ಲ ತಲುಪಿದ ಬಳಿಕವೂ ಆ ಉತ್ತರವೇ ಉಳಿದರೆ, ಅದು ಗೌರವಿಸಬೇಕಾದ ನಿರ್ಧಾರವಾಗುತ್ತದೆ.