ಕೊಳೆ ತೆಗೀರಿ, ಬಣ್ಣ ತೆಗೀಬ್ಯಾಡ್ರಿ

ಸಂತೆಯಲ್ಲಿ ಬೆಲ್ಲ ಕೊಳ್ಳುವಾಗ ನಾವೆಲ್ಲ ಮೊದಲು ನೋಡುವುದೇನು? ಬಣ್ಣ. ಹಾನಗಲ್ ಇರಲಿ, ಶಿಗ್ಗಾಂವಿ ಇರಲಿ, ಸವಣೂರು, ಹಿರೇಕೆರೂರು ಇರಲಿ, ಹಳದಿ ಪೆಂಟಿ ಕಂಡಲ್ಲಿ ಜನ ನಿಲ್ಲುತ್ತಾರೆ. ಪಕ್ಕದ ಕಂದು ಪೆಂಟಿಯನ್ನು ಬೆರಳಿನಿಂದ ತಳ್ಳಿ ‘ಇದ್ಯಾಕ ಇಷ್ಟು ಕರ್ರಗೈತಿ?’ ಎಂದು ಕೇಳುತ್ತಾರೆ. ನಮ್ಮ ಬೆಲ್ಲ ಕೆಡಲು ಈ ಪ್ರಶ್ನೆಯೇ ದೊಡ್ಡ ಕಾರಣ ಎನ್ನುವುದು ನಮ್ಮ ವಾದ. ಸಿಟ್ಟು ಬಂದರೂ ಪೂರ್ತಿ ಓದಿ.

ಹಾನಗಲ್ ಕಡೆಯ ಒಂದು ಗಾಣದಲ್ಲಿ ಬೆಳಗಿನಿಂದ ಕೂತು ನೋಡಿದೆವು. ಕಬ್ಬಿನ ಹಾಲು ಗಾಣದಿಂದ ಇಳಿಯುವಾಗ ಅದರಲ್ಲಿ ಸಿಪ್ಪೆಯ ಪುಡಿ, ಮಣ್ಣು, ಕಬ್ಬಿನ ಮೇಣ, ಅಂಟು ಎಲ್ಲ ಇರುತ್ತದೆ. ದಪ್ಪ ಕಸ ಬಟ್ಟೆಯಲ್ಲಿ ಸೋಸಿದರೆ ಹೋಗುತ್ತದೆ. ಸಣ್ಣದು ಹೋಗುವುದಿಲ್ಲ. ಅದನ್ನು ತೆಗೆಯುವ ಜಾಗ ಒಲೆಯ ಮೇಲಿನ ಕೊಪ್ಪರಿಗೆ.

ಹಾಲು ಬಿಸಿಯಾದಂತೆ ಅದರೊಳಗಿನ ಪ್ರೊಟೀನು ಹೆಪ್ಪುಗಟ್ಟಿ, ಕೊಳೆಯನ್ನು ಹಿಡಿದುಕೊಂಡು ಮೇಲೆ ಬರುತ್ತದೆ. ಕಪ್ಪು ಹಸಿರಿನ ದಪ್ಪ ನೊರೆ. ಕೊತಕೊತ ಕುದಿಯುವ ಮೊದಲೇ ಇದನ್ನು ಜಾಲರಿಯಿಂದ ಎತ್ತಬೇಕು. ಕುದಿ ಬಂದರೆ ನೊರೆ ಒಡೆದು ಮತ್ತೆ ಹಾಲಿನಲ್ಲೇ ಬೆರೆಯುತ್ತದೆ. ಆಮೇಲೆ ಏನು ಮಾಡಿದರೂ ಬರುವುದಿಲ್ಲ. ಅದಕ್ಕೇ ಆ ಹೊತ್ತಿನಲ್ಲಿ ಉರಿ ಸಣ್ಣಗಿರಬೇಕು, ಕೈ ಬಿಡುವಿರಬಾರದು.

ಹಿರಿಯರು ಇದಕ್ಕೆ ಬೆಂಡಿ ಗಿಡ ಬಳಸುತ್ತಿದ್ದರು. ಹಸಿ ದಂಟನ್ನು ಜಜ್ಜಿ, ನೀರಿನಲ್ಲಿ ನೆನೆಸಿ ತಿಕ್ಕಿದರೆ ಲೋಳೆ ಬಿಡುತ್ತದೆ. ಆ ಲೋಳೆಯನ್ನು ಸೋಸಿ ಬಿಸಿ ಹಾಲಿಗೆ ಹಾಕಿದರೆ ಸಣ್ಣ ಕೊಳೆಯೂ ಅದಕ್ಕೆ ಅಂಟಿಕೊಂಡು ಮೇಲೆ ತೇಲುತ್ತದೆ. ಜೊತೆಗೆ ಹಾಲಿನ ಹುಳಿ ಮುರಿಯಲು ಚಿಟಿಕೆ ಲೆಕ್ಕದಲ್ಲಿ ಸುಣ್ಣ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಇದು ಕೈಗುಣದ ಕೆಲಸ, ತಾಳ್ಮೆಯ ಕೆಲಸ.

ಈ ತಾಳ್ಮೆಯ ಜಾಗಕ್ಕೆ ಈಗ ಬಂದಿರುವುದು ಹೈಡ್ರೋಸ್. ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಬಿಳಿ ಪುಡಿ. ಬಟ್ಟೆಗೆ ಬಣ್ಣ ಹಾಕುವ, ಬಣ್ಣ ತೆಗೆಯುವ ಕಾರ್ಖಾನೆಗಳಲ್ಲಿ ಬಳಸುವ ವಸ್ತು. ಒಂದು ಮಾತು ನೆನಪಿಡಿ: ಹೈಡ್ರೋಸ್ ಕೊಳೆ ತೆಗೆಯುವುದಿಲ್ಲ, ಕೊಳೆಯ ಬಣ್ಣ ತೆಗೆಯುತ್ತದೆ. ಮಣ್ಣು, ಮೇಣ ಒಳಗೇ ಉಳಿಯುತ್ತವೆ. ಆ ಹಳದಿಯೂ ಶಾಶ್ವತವಲ್ಲ. ಗಾಳಿಗೆ ಇಟ್ಟ ಬೆಲ್ಲ ದಿನ ಕಳೆದಂತೆ ಮತ್ತೆ ಕಪ್ಪಾಗುತ್ತದೆ. ಉಳಿಯುವುದು ಗಂಧಕದ ಅಂಶ. ದಮ್ಮು ಇರುವವರಿಗೆ ಇದು ಒಳ್ಳೆಯದಲ್ಲ. 2011ರ ಆಹಾರ ಸುರಕ್ಷತಾ ನಿಯಮದಲ್ಲಿ ಒಂದು ಕಿಲೋ ಬೆಲ್ಲಕ್ಕೆ ಸಲ್ಫರ್ ಡೈಆಕ್ಸೈಡ್ 70 ಮಿಲಿಗ್ರಾಂ ಮೀರಬಾರದು ಎಂದಿದೆ. ಕೊಪ್ಪರಿಗೆಗೆ ಪುಡಿ ಬೀಳುವಾಗ ನಾವು ನೋಡಿದ ತಕ್ಕಡಿ ಒಂದೇ: ಮುಷ್ಟಿ.

ಹಾಗಾದರೆ ಗಾಣದವರು ಕಳ್ಳರೇ? ಅಲ್ಲ. ‘ನಮಗೂ ಗೊತ್ತೈತ್ರಿ. ಆದ್ರ ಹಳದಿ ಇಲ್ಲಂದ್ರ ದಲಾಲ್ರು ರೇಟ್ ಕಡಿತಾರ. ಬೆಂಡಿ ತಿಕ್ಕಾಕ ಆಳು, ಕೊಳಿ ತಗಿಯಾಕ ಆಳು, ಆ ಪಗಾರ ಯಾರ್ ಕೊಡ್ತಾರ?’ ಎಂದು ಗಾಣದ ಯಜಮಾನರು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. 100 ಕಿಲೋ ಕಬ್ಬು ಅರೆದರೆ ಸಿಗುವುದು ಹೆಚ್ಚುಕಡಿಮೆ 10 ಕಿಲೋ ಬೆಲ್ಲ. ಶ್ರಮಕ್ಕೆ ದರ ಇಲ್ಲ, ಬಣ್ಣಕ್ಕೆ ದರ ಇದೆ ಎಂದಾದರೆ ಯಾರಾದರೂ ಬಣ್ಣವನ್ನೇ ಮಾಡುತ್ತಾರೆ.

ಈಗ ಬೆಂಗಳೂರಿನ ಕಡೆ ಸ್ವಲ್ಪ ನೋಡಿ. ಅಲ್ಲಿನ ಮೈಕ್ರೊಬ್ರೂವರಿಗಳಲ್ಲಿ ಬಿಯರ್ ಕಾಯಿಸುವುದೂ ಇಂಥದೇ ಕೊಪ್ಪರಿಗೆಯಲ್ಲಿ. ಮೊಳಕೆ ಬಾರ್ಲಿಯ ರಸಕ್ಕೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸುತ್ತಾರೆ. ಹೂವಿನ ಚೂರು, ಹೆಪ್ಪುಗಟ್ಟಿದ ಪ್ರೊಟೀನು ಅಲ್ಲೂ ಕಸವಾಗುತ್ತದೆ. ಅವರು ರಸವನ್ನು ಜೋರಾಗಿ ಸುತ್ತಿಸಿ ಬಿಡುತ್ತಾರೆ. ಕಸ ನಡುವೆ ಗುಪ್ಪೆಯಾಗಿ ಕೂರುತ್ತದೆ, ಪಕ್ಕದ ನಳದಿಂದ ತಿಳಿರಸ ಇಳಿಸುತ್ತಾರೆ. ನಮ್ಮಲ್ಲಿ ಕೊಳೆ ತೇಲಿಸಿ ತೆಗೆಯುತ್ತಾರೆ, ಅಲ್ಲಿ ಮುಳುಗಿಸಿ ತೆಗೆಯುತ್ತಾರೆ, ಅಷ್ಟೇ ಫರಕು. ಮನೆಯಲ್ಲಿ ಬಿಯರ್ ಕಾಯಿಸಿ ಎಂದು ನಾವು ಹೇಳುತ್ತಿಲ್ಲ. ಪರವಾನಗಿ ಇಲ್ಲದೆ ಮಾಡಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ನಮ್ಮ ಪ್ರಶ್ನೆ ಬೇರೆ. ಅಲ್ಲಿ ಗೋಧಿ ಬಿಯರ್ ಮಸುಕಾಗಿದ್ದರೆ ‘ಅಸಲಿ ಮಾಲು’ ಎಂದು ಹೆಚ್ಚು ದುಡ್ಡು ಕೊಟ್ಟು ಕುಡಿಯುತ್ತಾರೆ. ನಮ್ಮ ಗಾಣದ ಅಸಲಿ ಬೆಲ್ಲ ಕಂದು ಇದ್ದರೆ ಮಾತ್ರ ಯಾಕೆ ಅರ್ಧ ಮರ್ಯಾದೆ?

ಬೈದು ಸುಮ್ಮನಾಗುವುದು ನಮಗೆ ಬೇಡ. ಮಾಡಬಹುದಾದ ಕೆಲಸ ಇದೆ.

ಕಬ್ಬು ಬೆಳೆಯುವವರು ಬದುವಿನ ಮೇಲೆ ಎರಡು ಸಾಲು ಬೆಂಡಿ ಹಾಕಿ. ಕಾಯಿ ಮನೆಗೆ, ಹಸಿ ದಂಟು ಗಾಣಕ್ಕೆ. ಗಾಣದವರು ಹಾಲನ್ನು ಎರಡು ಸಲ ಸೋಸಿ, ಸ್ವಲ್ಪ ಹೊತ್ತು ತೊಟ್ಟಿಯಲ್ಲಿ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಕೊಪ್ಪರಿಗೆಗೆ ಬಿಡಿ. ವ್ಯಾಪಾರಿಗಳು ಬಣ್ಣಕ್ಕಲ್ಲ, ಸ್ವಚ್ಛತೆಗೆ ದರ ಕಟ್ಟಲಿ. ಅದನ್ನು ನೋಡಲು ಲ್ಯಾಬ್ ಬೇಡ. ಒಂದು ತುಣುಕು ಬೆಲ್ಲವನ್ನು ಲೋಟ ನೀರಿನಲ್ಲಿ ಕರಗಿಸಿ ಬಿಡಿ, ತಳದಲ್ಲಿ ಕೂರುವ ಕಸ ಕಣ್ಣಿಗೇ ಕಾಣುತ್ತದೆ. ಹೈಡ್ರೋಸ್ ಮಾತ್ರ ಹೀಗೆ ಕಾಣುವುದಿಲ್ಲ, ಅದಕ್ಕೆ ಪರೀಕ್ಷೆಯೇ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನ ಪ್ರಕಾರ, ಕೊಂಡ ಗ್ರಾಹಕರೇ ಶುಲ್ಕ ಕಟ್ಟಿ ಆಹಾರದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಹಾಗೆಂದು ತಿಳಿಸಬೇಕು. ಒಬ್ಬರಿಗೆ ಭಾರವಾದರೆ ಒಂದು ಸ್ತ್ರೀಶಕ್ತಿ ಸಂಘ ಸೇರಿ ಮಾಡಿಸಲಿ. ಅಧಿಕಾರಿಗಳು ಹಬ್ಬದ ಮುಂದೆ ಸಂತೆಗೆ ಬಂದು ಮಾದರಿ ಎತ್ತಲಿ, ಫಲಿತಾಂಶವನ್ನು ಪಂಚಾಯಿತಿ ಬೋರ್ಡಿಗೆ ಹಚ್ಚಲಿ.

ನಾಗರ ಪಂಚಮಿಗೆ ಮನೆಮನೆಯಲ್ಲೂ ಉಂಡಿ ಕಟ್ಟುತ್ತೇವೆ. ಮೊದಲ ಉಂಡಿ ಮಕ್ಕಳ ಕೈಗೇ ಹೋಗುವುದು. ಆ ಬೆಲ್ಲ ತರಲು ಹೋದಾಗ ಈ ಸಲ ‘ಯಾಕ ಕರ್ರಗೈತಿ’ ಅನ್ನಬೇಡಿ. ‘ಕೊಳಿ ಹೆಂಗ ತಗದೀರಿ?’ ಎಂದು ಕೇಳಿ. ಸರಿಯಾದ ಉತ್ತರ ಕೊಟ್ಟ ಗಾಣದವರಿಗೆ ಕಿಲೋಗೆ ಎರಡು ರೂಪಾಯಿ ಹೆಚ್ಚೇ ಕೊಡಿ. ಬೆಂಡಿ ತಿಕ್ಕುವ ಆಳಿನ ಪಗಾರ ಅದರಲ್ಲೇ ಹುಟ್ಟಬೇಕು.