ಮಾತ್ರೆಯ ಸಾಲಿನ ಅರ್ಥಶಾಸ್ತ್ರ

ರಕ್ತದೊತ್ತಡದ ತಪಾಸಣೆಗೆ ನಾನು ಹೋಗುವುದು ಹಾವೇರಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದಕ್ಕೆ. ಚೀಟಿಗೊಂದು ಸಾಲು, ವೈದ್ಯರಿಗೊಂದು ಸಾಲು, ಮಾತ್ರೆಗೊಂದು ಸಾಲು. ವೈದ್ಯರ ಬಳಿ ದೊರೆಯುವುದು ಎರಡೇ ನಿಮಿಷ. ಆದರೂ ‘ಉಪ್ಪಿನಕಾಯಿ ಬಿಟ್ಟಿರೇನು?’ ಎಂಬ ಅವರ ವಿಚಾರಣೆಯಲ್ಲಿ ಒಂದು ಸಮಾಧಾನವಿದೆ. ಮಾತ್ರೆಗಳು ಮಾತ್ರ ಹದಿನೈದು ದಿನಗಳಿಗಷ್ಟೇ.

ಪಿಂಚಣಿದಾರನಾದ ನನಗೆ ಇದು ಕಿರಿಕಿರಿಯಷ್ಟೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ, ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲಗಳ ಕೂಲಿಕಾರರಿಗೆ ಇದು ಒಂದು ದಿನದ ದುಡಿಮೆಯ ನಷ್ಟ. ಕೂಲಿ ತಪ್ಪಬಾರದೆಂದು ಮಾತ್ರೆ ತಪ್ಪಿಸುವವರನ್ನು ಪಾರ್ಶ್ವವಾಯು ಕಾದಿರುತ್ತದೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಹೊರರೋಗಿಯ ನಿತ್ಯದ ಮಾತ್ರೆಗಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021–22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4ರಷ್ಟನ್ನು ಜನರೇ ಕೈಯಿಂದ ತೆತ್ತಿದ್ದಾರೆ.

ಪಾರ್ಶ್ವವಾಯುವಿನ ಚಿಕಿತ್ಸೆಗೆ ಲಕ್ಷ ತೆರಲು ಸಿದ್ಧವಿರುವ ಬೊಕ್ಕಸವು ಅದನ್ನು ತಡೆಯುವ ಮಾತ್ರೆಯನ್ನು ಎಣಿಸಿ ಕೊಡುವುದು ಮಿತವ್ಯಯವಲ್ಲ. ರಕ್ತದೊತ್ತಡ ಹತೋಟಿಯಲ್ಲಿರುವ ರೋಗಿಗೆ ಮೂರು ತಿಂಗಳ ಮಾತ್ರೆಯನ್ನು ಊರಿನ ಉಪಕೇಂದ್ರದಲ್ಲಿಯೇ ಕೊಡಲಿ. ಸಾಲು ಕರಗುತ್ತದೆ, ವೈದ್ಯರ ಎರಡು ನಿಮಿಷ ಐದಾಗುತ್ತದೆ.